ದೊಡ್ಡ ಇಂಗ್ಲಿಷ್ ಪದಗಳಿಗೆ ಮನೆಮಾತಿನ ಏಣಿ

ಹಬ್ಸಿಗೂಡ ಮೆಟ್ರೊ ನಿಲ್ದಾಣದಲ್ಲಿ ಇಳಿದು ಶೇರ್ ಆಟೊ ಹತ್ತಿದರೆ ಸ್ವಲ್ಪ ಹೊತ್ತಿಗೆ ನಾಚಾರಂ. ಹೈದರಾಬಾದಿನ ಪೂರ್ವ ಭಾಗದ ಈ ಬಡಾವಣೆಯನ್ನು ಹಳಬರು ಎನ್.ಟಿ. ರಾಮರಾವ್ ಅವರ ರಾಮಕೃಷ್ಣ ಸ್ಟುಡಿಯೊದಿಂದ ಗುರುತಿಸುತ್ತಾರೆ, ಕಾರ್ಮಿಕರು ಇಎಸ್‌ಐ ಆಸ್ಪತ್ರೆಯಿಂದ, ನನ್ನಂಥವರು ಕೈಗಾರಿಕಾ ಪ್ರದೇಶದಿಂದ. ಇತ್ತೀಚೆಗೆ ಇದಕ್ಕೆ ಇನ್ನೊಂದು ಗುರುತು ಸೇರಿಕೊಂಡಿದೆ: ಟ್ಯೂಷನ್ ಬೋರ್ಡುಗಳು. ಗಣಿತ, ವಿಜ್ಞಾನ, ಐಐಟಿ ಫೌಂಡೇಷನ್ ಜೊತೆಗೆ ಈಗ ‘ಹೈಸ್ಕೂಲ್ ಮಕ್ಕಳಿಗೆ ಅಡ್ವಾನ್ಸ್ಡ್ ವೊಕಾಬುಲರಿ’ ಎಂಬ ಸಾಲೂ ಕಾಣುತ್ತದೆ. ದಿನಕ್ಕೆ ಇಪ್ಪತ್ತು ಪದ, ತಿಂಗಳಿಗೆ ಆರುನೂರು ಎಂಬ ಲೆಕ್ಕ. ಕೇಳಿದ ಪಾಲಕರಿಗೆ ಅಗ್ಗದ ವ್ಯಾಪಾರ ಎನಿಸುವುದು ಸಹಜ.

ನಾನು ಹಾವೇರಿ ಜಿಲ್ಲೆಯ ಸವಣೂರು ಕಡೆಯವನು. ಇಲ್ಲಿನ ಔಷಧ ಘಟಕವೊಂದರಲ್ಲಿ ಗುಣಮಟ್ಟದ ದಾಖಲೆಗಳನ್ನು ಬರೆಯುವ, ತಿದ್ದುವ ಕೆಲಸ. ನಮ್ಮಲ್ಲಿ ‘ಶಲ್’ ಎಂದರೆ ಮಾಡಲೇಬೇಕು, ‘ಶುಡ್’ ಎಂದರೆ ಮಾಡುವುದು ಒಳ್ಳೆಯದು. ಒಂದು ಪದ ಬದಲಾದರೆ ಒಂದು ಬ್ಯಾಚ್ ಮಾತ್ರೆಯ ಹಣೆಬರಹವೇ ಬದಲಾಗಬಹುದು. ಪದಗಳ ಜೊತೆಗೇ ದಿನವಿಡೀ ಏಗುವವನು ಎಂದು ತಿಳಿದ ನೆರೆಹೊರೆಯವರು ತಮ್ಮ ಮಕ್ಕಳನ್ನು ಕಳಿಸತೊಡಗಿದರು. ಹೀಗೆ ಶುರುವಾದ ಭಾನುವಾರದ ಒಂದೂವರೆ ಗಂಟೆಯ ಪಾಠಕ್ಕೆ ಈಗ ಆರು ವರ್ಷ. ಅಪಾರ್ಟ್‌ಮೆಂಟಿನ ಸೆಲ್ಲಾರ್‌ನಲ್ಲಿ ಹದಿನಾಲ್ಕು ಮಕ್ಕಳು, ಐದು ಮನೆಮಾತು: ತೆಲುಗು, ದಖನಿ ಉರ್ದು, ಹಿಂದಿ, ಒಡಿಯಾ, ಕನ್ನಡ. ಫೀಸು ಇಲ್ಲ. ತರಬೇಕಾದದ್ದು ಒಂದು ನೋಟ್‌ಬುಕ್ ಮತ್ತು ಶಾಲೆಯ ಪಠ್ಯಪುಸ್ತಕ.

ಈ ಆರು ವರ್ಷದಲ್ಲಿ ನನಗೆ ಮನದಟ್ಟಾದ ಸಂಗತಿ ಒಂದೇ. ಹೈಸ್ಕೂಲು ಮಕ್ಕಳಿಗೆ ಕಷ್ಟದ ಇಂಗ್ಲಿಷ್ ಪದಗಳನ್ನು ಕಲಿಸಲು ಅತ್ಯಂತ ಗಟ್ಟಿಯಾದ ಏಣಿ ಅವರ ಮನೆಮಾತು. ಆದರೆ ಇಂಗ್ಲಿಷ್ ಬರಲಿ ಎಂದು ನಾವು ಮೊದಲು ಎತ್ತಿ ಬಿಸಾಡುವುದೂ ಆ ಏಣಿಯನ್ನೇ.

ಮಾತು ನಿಂತ ಮನೆ

ಮೂರು ವರ್ಷಗಳ ಹಿಂದೆ ಸೇಡಂ ತಾಲ್ಲೂಕಿನ ಒಂದು ಕುಟುಂಬ ನಮ್ಮ ಹಿಂದಿನ ಬೀದಿಗೆ ಬಂತು. ತಂದೆ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ, ತಾಯಿ ಮನೆಯಲ್ಲೇ ಹೊಲಿಗೆ. ಮಗ ಊರಲ್ಲಿ ಏಳನೇ ತರಗತಿವರೆಗೆ ಕನ್ನಡ ಮಾಧ್ಯಮ. ಇಲ್ಲಿ ಎಂಟಕ್ಕೆ ನೇರವಾಗಿ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆ. ಮೊದಲ ಪಾಲಕರ ಸಭೆಯಲ್ಲೇ ಶಿಕ್ಷಕರೊಬ್ಬರು, ‘ಮನೆಯಲ್ಲಿ ಕನ್ನಡ ನಿಲ್ಲಿಸಿ, ಇಂಗ್ಲಿಷಿನಲ್ಲೇ ಮಾತಾಡಿ, ಆಗ ಹುಡುಗ ಸುಧಾರಿಸುತ್ತಾನೆ’ ಎಂದರಂತೆ.

ಆ ತಂದೆ-ತಾಯಿ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ತಾಯಿಗೆ ಇಂಗ್ಲಿಷ್ ಗೊತ್ತಿಲ್ಲ. ತಂದೆಗೆ ಗೊತ್ತಿದ್ದದ್ದು ಕಾರ್ಖಾನೆಯಲ್ಲಿ ಕಿವಿಗೆ ಬಿದ್ದ ಹತ್ತಾರು ವಾಕ್ಯ. ‘ಈಟ್’, ‘ಸ್ಟಡಿ’, ‘ಸ್ಲೀಪ್’ ಆದಮೇಲೆ ಮಾತು ಮುಗಿಯುತ್ತಿತ್ತು. ಊರಿನ ಸುದ್ದಿ, ಅಜ್ಜನ ಕುರಿಗಳ ಸುದ್ದಿ, ಶಾಲೆಯಲ್ಲಿ ಏನಾಯಿತು ಎಂಬ ಸುದ್ದಿ, ಯಾವುದೂ ಇಲ್ಲ. ಹುಡುಗ ಶಾಲೆಯಲ್ಲಿ ಇಂಗ್ಲಿಷ್ ಬಾರದೆ ಮೂಕ, ಮನೆಯಲ್ಲಿ ಕನ್ನಡ ಆಡುವಂತಿಲ್ಲದೆ ಮೂಕ. ಅರ್ಧವಾರ್ಷಿಕ ಪರೀಕ್ಷೆ ಮುಗಿಯುವ ಹೊತ್ತಿಗೆ ‘ನಾನು ಊರಿಗೆ ಹೋಗಿ ಕುರಿ ಕಾಯ್ತೀನಿ’ ಎಂದು ಹಟ ಹಿಡಿದಿದ್ದ. ತಾಯಿ ನಮ್ಮ ಮನೆಗೆ ಬಂದು, ‘ಸರ್, ಮಗ ನಮ್ಮ ಜೊತಿ ಮಾತೇ ಬಿಟ್ಟಾನ್ರೀ’ ಎಂದು ಕಣ್ಣೀರು ಹಾಕಿದರು.

ಹುಡುಗನ ನೋಟ್‌ಬುಕ್ ತೆರೆದು ನೋಡಿದೆ. ಟ್ಯೂಷನ್ನಿನಲ್ಲಿ ಬರೆಸಿದ ಪದಪಟ್ಟಿ ಪುಟಗಟ್ಟಲೆ ಇತ್ತು. ‘ಗ್ರೆಗೇರಿಯಸ್’ ಎದುರು ‘ಸೋಷಿಯಬಲ್’, ‘ಲೊಕ್ವೇಷಸ್’ ಎದುರು ‘ಟಾಕೆಟಿವ್’. ಗೊತ್ತಿಲ್ಲದ ಪದಕ್ಕೆ ಗೊತ್ತಿಲ್ಲದ ಪದವೇ ಅರ್ಥ! ಇನ್ನೊಂದು ಕಡೆ ವಿಜ್ಞಾನದ ಉತ್ತರಪತ್ರಿಕೆ. ‘ವಾಟ್ ಡು ಯು ಇನ್ಫರ್?’ ಎಂಬ ಪ್ರಶ್ನೆಗೆ ಜಾಗ ಖಾಲಿ. ಪ್ರಯೋಗ ಅವನಿಗೆ ಗೊತ್ತಿತ್ತು. ನೀಲಿ ಲಿಟ್ಮಸ್ ಕೆಂಪಾದದ್ದನ್ನು ಕನ್ನಡದಲ್ಲಿ ಚೆನ್ನಾಗಿ ಹೇಳಿದ. ತಿಳಿಯದಿದ್ದದ್ದು ‘ಇನ್ಫರ್’ ಎಂಬ ಒಂದೇ ಪದ.

ಎಷ್ಟು ಪದ ಬೇಕು, ಯಾವ ಪದ ಬೇಕು?

ಪದಗಳಿಗೂ ಒಂದು ಲೆಕ್ಕಾಚಾರ ಇದೆ. ಅದರ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಉಪಖಂಡದಲ್ಲೇ ಎಂಬುದು ಅನೇಕರಿಗೆ ಗೊತ್ತಿರಲಿಕ್ಕಿಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಎಂಬ ಆಂಗ್ಲ ಅಧಿಕಾರಿ 1920ರ ದಶಕದಲ್ಲಿ ಬಂಗಾಳಿ ಮಕ್ಕಳು ಇಂಗ್ಲಿಷ್ ಪುಸ್ತಕ ಓದಲು ಪಡುವ ಪಾಡನ್ನು ಕಂಡರು. ಹೆಚ್ಚು ಬಳಕೆಯ ಪದಗಳನ್ನು ಮೊದಲು ಕಲಿಸಿ, ಒಂದೊಂದು ಪುಟಕ್ಕೆ ಹೊಸ ಪದ ಕೆಲವೇ ಬರುವಂತೆ ವಾಚಕಗಳನ್ನು ಬರೆದರು. ಆ ಹಾದಿಯಲ್ಲಿ ಮುಂದೆ 1953ರಲ್ಲಿ ಬಂದದ್ದೇ ಸುಮಾರು 2000 ಪದಗಳ ‘ಜನರಲ್ ಸರ್ವಿಸ್ ಲಿಸ್ಟ್’. ಸಾಮಾನ್ಯ ಬರಹದ ನೂರು ಪದಗಳಲ್ಲಿ ಸುಮಾರು ಎಂಬತ್ತು ಈ ಪಟ್ಟಿಯವೇ ಆಗಿರುತ್ತವೆ.

ಎಂಬತ್ತು ಎಂದರೆ ಬಹಳ ಅನಿಸುತ್ತದೆ. ಆದರೆ ಐದು ಪದಕ್ಕೆ ಒಂದು ಗೊತ್ತಿಲ್ಲದಿದ್ದರೆ ಪಾಠ ಅರ್ಥವಾಗುವುದಿಲ್ಲ. ಪದಗಳ ಕಲಿಕೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ ಒಂದು ಅಂದಾಜು ಕೊಟ್ಟರು. ನಿಘಂಟಿನ ನೆರವಿಲ್ಲದೆ ಇಂಗ್ಲಿಷ್ ಪತ್ರಿಕೆ, ಕಾದಂಬರಿ ಓದಲು ನೂರಕ್ಕೆ ತೊಂಬತ್ತೆಂಟು ಪದ ಗೊತ್ತಿರಬೇಕು. ಅದಕ್ಕೆ 8000ರಿಂದ 9000 ಪದಕುಟುಂಬಗಳು ಬೇಕು. ಪದಕುಟುಂಬ ಎಂದರೆ ಒಂದು ಮೂಲಪದ ಮತ್ತು ಅದರ ಮಕ್ಕಳು-ಮರಿ.

ಈ ಎರಡು ಅಂಕಿಗಳ ನಡುವೆ ಇರುವುದೇ ಹೈಸ್ಕೂಲಿನ ಹೊಸ್ತಿಲು. ಅಲ್ಲಿ ಮೊದಲು ಬೇಕಾದವು ‘ಗ್ರೆಗೇರಿಯಸ್’ನಂಥ ಅಲಂಕಾರದ ಪದಗಳಲ್ಲ. ಎಲ್ಲ ವಿಷಯಗಳ ಪುಸ್ತಕದಲ್ಲೂ ಮತ್ತೆ ಮತ್ತೆ ಬರುವ, ಯಾರೂ ಬಿಡಿಸಿ ಹೇಳದ ಪದಗಳು: ಇನ್ಫರ್, ಅಸ್ಯೂಮ್, ಡಿರೈವ್, ಜಸ್ಟಿಫೈ, ಕಾಂಟ್ರಡಿಕ್ಟ್, ಸಿಗ್ನಿಫಿಕೆಂಟ್, ಅಗ್ರಿಗೇಟ್. ಆವರಿಲ್ ಕಾಕ್ಸ್‌ಹೆಡ್ ಎಂಬ ಸಂಶೋಧಕಿ 2000ದಲ್ಲಿ ಇಂಥ 570 ಪದಕುಟುಂಬಗಳನ್ನು ಆರಿಸಿ ‘ಅಕಾಡೆಮಿಕ್ ವರ್ಡ್ ಲಿಸ್ಟ್’ ಮಾಡಿದರು. ಶೈಕ್ಷಣಿಕ ಬರಹದ ಸುಮಾರು ಹತ್ತನೇ ಒಂದು ಭಾಗ ಇವುಗಳಿಂದಲೇ ತುಂಬಿರುತ್ತದೆ. ವಿಜ್ಞಾನದ ಪದಗಳಾದ ‘ಫೋಟೊಸಿಂಥಸಿಸ್’, ‘ವೆಲಾಸಿಟಿ’ಗಳನ್ನು ವಿಜ್ಞಾನದ ಮೇಷ್ಟ್ರು ವಿವರಿಸುತ್ತಾರೆ. ‘ಇನ್ಫರ್’ ಯಾರ ಪಾಲಿನ ಪದ? ಇಂಗ್ಲಿಷ್ ಮೇಷ್ಟ್ರು ಅದು ವಿಜ್ಞಾನದ್ದು ಎನ್ನುತ್ತಾರೆ, ವಿಜ್ಞಾನದವರು ಇಂಗ್ಲಿಷಿನದ್ದು ಎನ್ನುತ್ತಾರೆ. ಮಗು ನಡುವೆ ಬೀಳುತ್ತದೆ.

ಅಪರೂಪದ ಪದಗಳ ಪಟ್ಟಿಯ ಮೋಹ ಹೆಚ್ಚಾಗಿ ಹುಟ್ಟಿದ್ದು ಅಮೆರಿಕದ ಪ್ರವೇಶ ಪರೀಕ್ಷೆಗಳಿಂದ. ಅಮೆರಿಕಕ್ಕೆ ಹೊರಡುವವರ ನಗರವಾದ ಹೈದರಾಬಾದಿಗೆ ಅದು ಬಂದದ್ದು ಆಶ್ಚರ್ಯವಲ್ಲ. ಆದರೆ ಅಲ್ಲಿನ ಎಸ್‌ಎಟಿ ಪರೀಕ್ಷೆಯೇ 2016ರಲ್ಲಿ ಬಿಡಿ ಕ್ಲಿಷ್ಟಪದಗಳ ಪ್ರಶ್ನೆಗಳನ್ನು ಕೈಬಿಟ್ಟು, ವಾಕ್ಯದ ಸಂದರ್ಭದಲ್ಲಿ ಪದದ ಅರ್ಥ ಕೇಳತೊಡಗಿತು. ನಮ್ಮ ಬೀದಿಯ ಪಟ್ಟಿ ಮಾತ್ರ ಇನ್ನೂ ಹಳೆಯದೇ.

ಹೊಗೆ ಕಂಡರೆ ಬೆಂಕಿ

‘ಇನ್ಫರ್’ ಪದಕ್ಕೆ ಕನ್ನಡದಲ್ಲಿ ಏನು ಹೇಳುವುದು? ತರ್ಕಶಾಸ್ತ್ರದ ಹಳೆಯ ಪದ ‘ಅನುಮಾನ’. ಗುಡ್ಡದ ಮೇಲೆ ಹೊಗೆ ಕಾಣುತ್ತದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದೇ ಅನುಮಾನ. ಇಂದು ಕನ್ನಡದಲ್ಲೂ ತೆಲುಗಿನಲ್ಲೂ ಆ ಪದ ಸಂಶಯ ಎಂಬ ಅರ್ಥಕ್ಕೆ ಇಳಿದಿದೆ. ಮಕ್ಕಳಿಗೆ ಮೊದಲು ಹೊಗೆ-ಬೆಂಕಿಯ ಕಥೆ ಹೇಳಿದೆ. ಹೊಗೆ ಕಂಡದ್ದು ‘ಅಬ್ಸರ್ವ್’, ಬೆಂಕಿ ಇದೆ ಎಂದದ್ದು ‘ಇನ್ಫರ್’. ಲಿಟ್ಮಸ್ ಕೆಂಪಾಯಿತು ಎಂಬುದು ಅಬ್ಸರ್ವೇಷನ್, ದ್ರಾವಣ ಆಮ್ಲ ಎಂಬುದು ಇನ್ಫರೆನ್ಸ್. ಅಂದಿನಿಂದ ಹದಿನಾಲ್ಕರಲ್ಲಿ ಒಂದು ಮಗುವೂ ಆ ಎರಡು ಪದಗಳನ್ನು ಕಲಸುಮೇಲೋಗರ ಮಾಡಿಲ್ಲ.

ಇಂಥ ಜೋಡಿಗಳು ಒಂದೆರಡಲ್ಲ. ಇಂಗ್ಲಿಷಿನ ಕಷ್ಟದ ಪದಗಳಲ್ಲಿ ಬಹುಪಾಲು ಲ್ಯಾಟಿನ್, ಗ್ರೀಕ್ ತುಂಡುಗಳನ್ನು ಜೋಡಿಸಿ ಮಾಡಿದವು. ನಮ್ಮ ದೊಡ್ಡ ಪದಗಳೂ ಹಾಗೆಯೇ ತುಂಡು ಜೋಡಿಸಿದವು, ಕೆಲವು ಸಂಸ್ಕೃತದಿಂದ, ಕೆಲವು ಅಚ್ಚಗನ್ನಡದಿಂದ. ‘ಟ್ರಾನ್ಸ್‌ಪೇರೆಂಟ್’ ಬಿಡಿಸಿದರೆ ಆಚೆಗೆ ಮತ್ತು ಕಾಣು. ‘ಪಾರದರ್ಶಕ’ ಬಿಡಿಸಿದರೂ ಅದೇ. ‘ಮ್ಯಾನುಸ್ಕ್ರಿಪ್ಟ್’ನಲ್ಲಿ ಕೈ ಇದೆ, ‘ಹಸ್ತಪ್ರತಿ’ಯಲ್ಲೂ ಇದೆ. ‘ಆಮ್ನಿಷಿಯಂಟ್’ ಎಂದರೆ ಎಲ್ಲ ಬಲ್ಲವನು, ನಮ್ಮ ಸರ್ವಜ್ಞ. ‘ಮ್ಯಾಗ್ನಾನಿಮಸ್’ ಎಂದರೆ ದೊಡ್ಡ ಮನಸ್ಸಿನವನು, ಬಿಡಿಸಿದರೆ ಅಕ್ಷರಶಃ ಮಹಾತ್ಮ. ‘ಕಾಂಟ್ರಡಿಕ್ಟ್’ ಎಂದರೆ ಎದುರುಮಾತು. ‘ಆಂಬಿಡೆಕ್ಸ್‌ಟ್ರಸ್’ ಪದ ಬಂದಾಗ ಅರ್ಜುನನ ಹೆಸರು ಸವ್ಯಸಾಚಿ ಎಂದು ನೆನಪಿಸಿದರೆ ಸಾಕು, ಎರಡೂ ಕೈ ಸಮನಾಗಿ ಆಡಿಸುವವನು ಕಣ್ಣೆದುರು ನಿಲ್ಲುತ್ತಾನೆ. ‘ಇಂಪೀಡ್’ ಎಂದರೆ ಅಡ್ಡಿಪಡಿಸು. ಅದರ ಒಳಗೆ ಕಾಲಿದೆ, ಕಾಲಿಗೆ ಬೇಡಿ ಹಾಕು ಎಂಬುದು ಮೂಲ. ನಮ್ಮ ‘ಅಡ್ಡಗಾಲು ಹಾಕು’ ಹತ್ತಿರದ ನೆಂಟ. ‘ಪ್ರೊಕ್ರಾಸ್ಟಿನೇಟ್’ನ ಹೊಟ್ಟೆಯಲ್ಲಿ ಲ್ಯಾಟಿನಿನ ‘ನಾಳೆ’ ಕೂತಿದೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಥೆ ಕೇಳಿದ ಮಗು ಅದನ್ನು ಮರೆಯುವುದು ಕಷ್ಟ.

ಇವುಗಳಲ್ಲಿ ಕೆಲವು ಹಳೆಯ ಪದಗಳು. ಇನ್ನು ಕೆಲವನ್ನು ನಮ್ಮ ಹಿರಿಯರು ಇಂಗ್ಲಿಷ್ ಪದವನ್ನು ಎದುರಿಗಿಟ್ಟುಕೊಂಡೇ ಕಟ್ಟಿದರು. ಹೇಗೆ ಬಂದಿದ್ದರೂ ಆ ದುಡಿಮೆಯ ಫಲ ನಮ್ಮ ಮಕ್ಕಳ ಕೈಯಲ್ಲಿದೆ. ಕನ್ನಡದಲ್ಲಿ ಪದ ಹೇಗೆ ಕಟ್ಟುತ್ತದೆ ಎಂದು ಬಲ್ಲ ಮಗುವಿಗೆ ಇಂಗ್ಲಿಷ್ ಪದವನ್ನು ಬಿಚ್ಚಲು ಸ್ಕ್ರೂಡ್ರೈವರ್ ಆಗಲೇ ಸಿಕ್ಕಿರುತ್ತದೆ.

ತರಗತಿಯ ಉರ್ದು ಮನೆಮಾತಿನ ಹುಡುಗಿಗೆ ಈ ಸಂಸ್ಕೃತ ಪದಗಳು ಒಗ್ಗಲಿಲ್ಲ. ಆದರೆ ಅವಳ ಬಳಿ ಬೇರೆ ಸ್ಕ್ರೂಡ್ರೈವರ್ ಇತ್ತು. ಕಿತಾಬ್ ಎಂದರೆ ಪುಸ್ತಕ, ಕಾತಿಬ್ ಎಂದರೆ ಬರೆಯುವವನು, ಮಕ್ತಬ್ ಎಂದರೆ ಶಾಲೆ. ಮೂರರಲ್ಲೂ ಕ, ತ, ಬ ಎಂಬ ಅರಬ್ಬಿ ಬೇರು. ಸ್ಕ್ರೈಬ್, ಸ್ಕ್ರಿಪ್ಟ್, ಡಿಸ್ಕ್ರೈಬ್, ಇನ್‌ಸ್ಕ್ರಿಪ್ಷನ್ ಇವುಗಳಿಗೂ ಬರಹದ ಒಂದೇ ಬೇರು ಎಂದಾಗ, ‘ಇದು ನಮ್ಮ ಕಿತಾಬ್ ಹಾಗೇ ಸರ್’ ಎಂದು ಮೊದಲು ಹೇಳಿದವಳು ಅವಳೇ.

ಹಿಂಡಿನ ಪದಗಳು

ಸೇಡಂ ಹುಡುಗ ಎರಡು ತಿಂಗಳು ಮೂಲೆಯಲ್ಲಿ ಕೂತು ಕೇಳಿಸಿಕೊಂಡ. ಒಂದು ಭಾನುವಾರ ಪದಪಟ್ಟಿಯ ಆ ‘ಗ್ರೆಗೇರಿಯಸ್’ ಅನ್ನೇ ಎತ್ತಿಕೊಂಡೆ. ಅದರ ಬೇರು ಲ್ಯಾಟಿನಿನ ‘ಗ್ರೆಕ್ಸ್’, ಅಂದರೆ ಕುರಿಹಿಂಡು. ಹಿಂಡಿನಲ್ಲಿ ಇರಲು ಇಷ್ಟಪಡುವವನು ಗ್ರೆಗೇರಿಯಸ್. ಹಿಂಡು ಒಟ್ಟುಗೂಡಿದರೆ ‘ಕಾಂಗ್ರಿಗೇಟ್’. ಹಿಂಡಿಗೆ ಸೇರಿಸಿ ಒಟ್ಟು ಎಣಿಸಿದರೆ ‘ಅಗ್ರಿಗೇಟ್’. ಹಿಂಡಿನಿಂದ ಬೇರೆ ಮಾಡಿದರೆ ‘ಸೆಗ್ರಿಗೇಟ್’.

‘ಹಸಿ ಕಸ ಒಣ ಕಸ ಸೆಗ್ರಿಗೇಟ್ ಮಾಡಿ’ ಎಂದು ನಗರಪಾಲಿಕೆಯ ಕಸದ ಗಾಡಿ ದಿನಾ ಕೂಗುವುದು ಎಲ್ಲ ಮಕ್ಕಳಿಗೂ ಗೊತ್ತು. ಆದರೆ ಕುರಿಯನ್ನು ಹಿಂಡಿನಿಂದ ಯಾಕೆ ಬೇರೆ ಮಾಡುತ್ತಾರೆ ಎಂದು ಕೇಳಿದಾಗ ಪೇಟೆಯ ಮಕ್ಕಳು ಮುಖ ಮುಖ ನೋಡಿಕೊಂಡರು. ಮೂಲೆಯಿಂದ ಉತ್ತರ ಬಂತು. ‘ರೋಗ ಬಂದ ಕುರಿ ಬ್ಯಾರೆ ಕಟ್ತಾರ್ರೀ. ಇಲ್ಲಂದ್ರ ಹಿಂಡಿಗೆಲ್ಲ ಹತ್ತತದ. ಮರಿ ಹಾಕಿದ್ದನ್ನೂ ಬ್ಯಾರೆ ದೊಡ್ಡ್ಯಾಗ ಇಡ್ತಾರ.’ ಕನ್ನಡ ಬಾರದವರಿಗೆ ನಾನು ತೆಲುಗಿನಲ್ಲಿ ಹೇಳಿದೆ. ಅವನು ಮತ್ತೆ ಎದ್ದು ನಿಂತು ಕುರಿಗೆ ಗುರುತು ಹಾಕುವುದು, ಸಂಜೆ ಎಣಿಸುವುದು, ದಾರಿ ತಪ್ಪಿದ ಕುರಿಯನ್ನು ಹುಡುಕುವುದು, ಎಲ್ಲವನ್ನೂ ಹೇಳಿದ. ಆರು ತಿಂಗಳಿನಲ್ಲಿ ಅವನು ಜನರ ಎದುರು ಅಷ್ಟು ಮಾತಾಡಿದ್ದು ಅದೇ ಮೊದಲು.

ಅಂದು ಉಳಿದ ಮಕ್ಕಳು ಕಲಿತದ್ದು ನಾಲ್ಕು ಇಂಗ್ಲಿಷ್ ಪದ. ಅವನು ಕಲಿತದ್ದು ಅಜ್ಜನ ಹಟ್ಟಿಯಲ್ಲಿ ತಾನು ಪಡೆದ ಅರಿವಿಗೂ ಈ ಇಂಗ್ಲಿಷಿಗೂ ನಂಟಿದೆ ಎಂಬುದನ್ನು. ಮರುವಾರ ತಂದೆ-ತಾಯಿಯನ್ನು ಕರೆದು, ಮನೆಯಲ್ಲಿ ಕನ್ನಡ ಮತ್ತೆ ಶುರುಮಾಡಿ, ಎಷ್ಟು ಆಗುತ್ತದೋ ಅಷ್ಟು ಮಾತಾಡಿ ಎಂದೆ. ತಾಯಿಯ ಮುಖದಲ್ಲಿ ಕಂಡ ನಿರಾಳವನ್ನು ಬರೆದು ತೋರಿಸಲಾರೆ.

ತಾರ್ನಾಕಾದ ದಾರಿಯಲ್ಲಿ ಗೋಕಾಕರು

ಮನೆಮಾತು ಇಂಗ್ಲಿಷಿಗೆ ಅಡ್ಡಿ ಎನ್ನುವವರಿಗೆ ನಾನು ನಮ್ಮ ಪಕ್ಕದಲ್ಲೇ ಇರುವ ಒಂದು ಕ್ಯಾಂಪಸ್ಸಿನ ಕಥೆ ಹೇಳುತ್ತೇನೆ. ನಾಚಾರಂನಿಂದ ಕೆಲವೇ ಕಿಲೋಮೀಟರ್ ದೂರದ ತಾರ್ನಾಕಾ ಬಳಿ, ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೊಂದಿಕೊಂಡು ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಜನರ ಬಾಯಲ್ಲಿ ‘ಇಫ್ಲೂ’ ಇದೆ. ದೇಶದಲ್ಲಿ ಇಂಗ್ಲಿಷ್ ಬೋಧನೆಯನ್ನು ಸುಧಾರಿಸಲೆಂದೇ 1958ರಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಎಂಬ ಹೆಸರಿನಲ್ಲಿ ಶುರುವಾಗಿ, 2007ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಾದ ಸಂಸ್ಥೆ ಅದು. ಅದರ ಆರಂಭದ ವರ್ಷಗಳಲ್ಲಿ ನಿರ್ದೇಶಕರಾಗಿ ಚುಕ್ಕಾಣಿ ಹಿಡಿದವರು ಕನ್ನಡದ ಕವಿ ವಿ.ಕೃ. ಗೋಕಾಕ್. ನಮ್ಮ ಸವಣೂರಿನಲ್ಲಿ 1909ರಲ್ಲಿ ಹುಟ್ಟಿ, ಧಾರವಾಡದಲ್ಲಿ ಬೇಂದ್ರೆಯವರ ಒಡನಾಟದಲ್ಲಿ ಬೆಳೆದು, ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ ಬಂದವರು.

ಅದೇ ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ಕರ್ನಾಟಕ ಸರ್ಕಾರಕ್ಕೆ ವರದಿ ಕೊಟ್ಟಿತು. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕು ಎಂಬುದು ಅದರ ತಿರುಳು. ವರದಿ ಜಾರಿಯಾಗಲಿ ಎಂದು 1982ರಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದದ್ದು, ನಾಡೇ ಎದ್ದು ನಿಂತದ್ದು ನಿಮಗೆಲ್ಲ ಗೊತ್ತು. ದೇಶಕ್ಕೆ ಇಂಗ್ಲಿಷ್ ಕಲಿಸುವ ಸಂಸ್ಥೆಯನ್ನು ನಡೆಸಿದವರೇ ಹೈಸ್ಕೂಲು ಮಕ್ಕಳಿಗೆ ಕನ್ನಡ ಮೊದಲು ಎಂದರು. ನನಗೆ ಇದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಎರಡೂ ಭಾಷೆಯನ್ನು ಆಳವಾಗಿ ಬಲ್ಲವರಿಗೆ ಒಂದು ಇನ್ನೊಂದರ ಶತ್ರುವಲ್ಲ ಎಂದು ಗೊತ್ತಿರುತ್ತದೆ.

ಪಕ್ಕದ ಉಸ್ಮಾನಿಯಾದ ಕಥೆಯೂ ಇದಕ್ಕೆ ಹತ್ತಿರದ್ದು. 1918ರಲ್ಲಿ ಶುರುವಾದಾಗ ಅಲ್ಲಿ ಬೋಧನೆಯ ಮಾಧ್ಯಮ ಉರ್ದು, ಇಂಗ್ಲಿಷ್ ಕಡ್ಡಾಯ ವಿಷಯ. ವಿಜ್ಞಾನ, ವೈದ್ಯ, ಕಾನೂನಿನ ಪದಗಳನ್ನು ಉರ್ದುವಿನಲ್ಲಿ ಕಟ್ಟಲೆಂದೇ ಒಂದು ವರ್ಷ ಮೊದಲೇ ಅನುವಾದ ವಿಭಾಗ ತೆರೆದಿದ್ದರು. ಇತ್ತೀಚಿನ ಉದಾಹರಣೆಯೂ ಇದೆ. 2022–23ರಲ್ಲಿ ತೆಲಂಗಾಣ ಸರ್ಕಾರ ತನ್ನ ಶಾಲೆಗಳಿಗೆ ಇಂಗ್ಲಿಷ್ ಮಾಧ್ಯಮ ತಂದಾಗ ಒಂದು ಪುಟ ತೆಲುಗು, ಎದುರು ಪುಟ ಇಂಗ್ಲಿಷ್ ಇರುವ ದ್ವಿಭಾಷಾ ಪಠ್ಯಪುಸ್ತಕ ಕೊಟ್ಟಿತು. ನಮ್ಮ ಭಾನುವಾರದ ತರಗತಿಯಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಆ ಪುಸ್ತಕ ತಂದರೆ ನನ್ನ ಅರ್ಧ ಕೆಲಸ ಮುಗಿದಿರುತ್ತದೆ.

ವಾಟ್ಸ್‌ಆ್ಯಪ್ ನಿರುಕ್ತಿಯ ಎಚ್ಚರ

ಈ ದಾರಿಯಲ್ಲಿ ಎರಡು ಹಳ್ಳಗಳಿವೆ. ಒಂದು, ಹೋಲಿಕೆ ಕಂಡ ಕೂಡಲೇ ನೆಂಟಸ್ತನ ಕಟ್ಟುವುದು. ‘ಕ್ಯಾಲೆಂಡರ್’ ಬಂದದ್ದು ‘ಕಾಲಾಂತರ’ದಿಂದ ಎಂಬ ಸಂದೇಶ ನಿಮಗೂ ಬಂದಿರಬಹುದು. ಅದು ಸುಳ್ಳು. ರೋಮನ್ನರು ತಿಂಗಳ ಮೊದಲ ದಿನವನ್ನು ಕರೆಯುತ್ತಿದ್ದ ‘ಕಲೆಂಡೆ’ ಅದರ ಮೂಲ. ‘ನ್ಯಾವಿಗೇಷನ್’ ಬಂದದ್ದು ‘ನವಗತಿ’ಯಿಂದ ಎಂಬುದೂ ಸುಳ್ಳೇ. ಆದರೆ ಅದರೊಳಗಿನ ಲ್ಯಾಟಿನ್ ‘ನಾವಿಸ್’ ಮತ್ತು ನಮ್ಮ ‘ನೌಕೆ’ಯ ‘ನೌ’ ಒಂದೇ ಮೂಲದ ಸೋದರರು ಎಂಬುದು ನಿಜ. ಹಾಗೆಯೇ ‘ಇಗ್ನೈಟ್’ ಮತ್ತು ಅಗ್ನಿ, ‘ಡೆಂಟಲ್’ ಮತ್ತು ದಂತ, ‘ಡೊನೇಟ್’ ಮತ್ತು ದಾನ. ಸೋದರ ಬೇರೆ, ತಂದೆ-ಮಗ ಬೇರೆ. ನಮ್ಮಿಂದ ನಿಜವಾಗಿ ಹೋದ ಪದಗಳೂ ಇವೆ. ಹೆಗ್ಗಣಕ್ಕೆ ಇಂಗ್ಲಿಷಿನ ‘ಬ್ಯಾಂಡಿಕೂಟ್’ ಬಂದದ್ದು ತೆಲುಗಿನ ‘ಪಂದಿಕೊಕ್ಕು’ವಿನಿಂದ. ಇದನ್ನು ಹೇಳಿದ ದಿನ ನಮ್ಮ ತೆಲುಗು ಹುಡುಗರ ಸಂಭ್ರಮ ನೋಡಬೇಕಿತ್ತು.

ಇನ್ನೊಂದು ಹಳ್ಳ, ಬೇರನ್ನೇ ಅರ್ಥ ಎಂದು ನಂಬುವುದು. ‘ಮ್ಯಾನುಫ್ಯಾಕ್ಚರ್’ ಪದವನ್ನು ಬಿಡಿಸಿದರೆ ಕೈಯಿಂದ ಮಾಡು. ನಾಚಾರಂನ ಕಾರ್ಖಾನೆಗಳಲ್ಲಿ ಈಗ ಕೈ ಬಿಟ್ಟು ಎಲ್ಲ ಯಂತ್ರದಿಂದ. ‘ಎಗ್ರೀಜಸ್’ ಎಂದರೆ ಹಿಂಡಿನಿಂದ ಎದ್ದು ಕಾಣುವುದು. ಹಿಂದೆ ಅದು ಹೊಗಳಿಕೆ, ಈಗ ಘೋರ ತಪ್ಪಿಗೆ ಬಳಸುವ ಪದ. ಜೊತೆಗೆ ಪ್ರತಿ ಪದಕ್ಕೂ ಅದರದೇ ಸಂಗಾತಿಗಳಿರುತ್ತವೆ. ನಾವು ಜೋರು ಮಳೆ ಅನ್ನುತ್ತೇವೆ, ಜೋರು ಚಹಾ ಅನ್ನುವುದಿಲ್ಲ, ಚಹಾ ಕಡಕ್. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಚಹಾ ‘ಸ್ಟ್ರಾಂಗ್’. ಬೇರು ಪದದ ಮನೆಬಾಗಿಲವರೆಗೆ ಕರೆದೊಯ್ಯುತ್ತದೆ, ಒಳಗೆ ಹೋಗಿ ಪರಿಚಯ ಮಾಡಿಕೊಳ್ಳಲು ವಾಕ್ಯಗಳೇ ಬೇಕು.

ವಾರಕ್ಕೆ ಐದು ಪದ

ನಮ್ಮ ಕ್ರಮ ಸರಳ. ವಾರಕ್ಕೆ ಐದೇ ಪದ, ಅದೂ ಆ ವಾರ ಶಾಲೆಯ ಪುಸ್ತಕದಲ್ಲಿ ಮಕ್ಕಳಿಗೆ ಎಡವಿಸಿದ ಪದ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ: ಪದ ಬಂದ ಪಠ್ಯದ ವಾಕ್ಯ, ಪದದ ತುಂಡುಗಳು, ಮನೆಮಾತಿನಲ್ಲಿ ಅದರ ಜೋಡಿ, ಕೊನೆಗೆ ಮಗುವಿನದೇ ಒಂದು ವಾಕ್ಯ. ಮೂರನೇ ಕಾಲಂ ಅನ್ನು ಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿಯನ್ನು ಕೇಳಿ ತುಂಬಬೇಕು. ಇಂಗ್ಲಿಷ್ ಬಾರದ ತಾಯಿಯೂ ಆಗ ಮಗುವಿನ ಇಂಗ್ಲಿಷ್ ಟೀಚರ್ ಆಗುತ್ತಾಳೆ. ಕನ್ನಡದ ಪದ ಸಿಗದಿದ್ದರೆ ಮೈಸೂರು ವಿಶ್ವವಿದ್ಯಾಲಯದ ಇಂಗ್ಲಿಷ್–ಕನ್ನಡ ನಿಘಂಟು ಇದೆ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯಲ್ಲಿ ಹಲವು ನಿಘಂಟುಗಳು ಉಚಿತವಾಗಿ ಸಿಗುತ್ತವೆ.

ಮರೆವಿಗೂ ಉಪಾಯ ಬೇಕು. ಕಲಿತದ್ದು ಮೊದಲ ದಿನಗಳಲ್ಲೇ ಅತಿ ವೇಗವಾಗಿ ಮರೆಯುತ್ತದೆ ಎಂದು ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ. ದಿನಕ್ಕೆ ಇಪ್ಪತ್ತು ಪದದ ಪಟ್ಟಿ ಸೋಲುವುದು ಇಲ್ಲೇ. ನಾವು ಹಳೆಯ ಶೂ ಡಬ್ಬಿಯಲ್ಲಿ ಮೂರು ಖಾನೆ ಮಾಡಿ ಪದಗಳ ಚೀಟಿ ಹಾಕುತ್ತೇವೆ. ಮೊದಲ ಖಾನೆಯನ್ನು ದಿನಾ ನೋಡಬೇಕು, ಎರಡನೆಯದನ್ನು ವಾರಕ್ಕೊಮ್ಮೆ, ಮೂರನೆಯದನ್ನು ತಿಂಗಳಿಗೊಮ್ಮೆ. ನೆನಪಿದ್ದರೆ ಚೀಟಿ ಮುಂದಿನ ಖಾನೆಗೆ, ಮರೆತರೆ ಮತ್ತೆ ಮೊದಲಿಗೆ. ಸೆಬಾಸ್ಟಿಯನ್ ಲೈಟ್ನರ್ ಎಂಬಾತ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಉಪಾಯ ಇದು. ಖರ್ಚು ಹತ್ತು ರೂಪಾಯಿಯೂ ಇಲ್ಲ.

‘ವಾರಕ್ಕೆ ಐದಾದರೆ ಮೂರು ವರ್ಷಕ್ಕೆ ಎಂಟುನೂರೂ ಆಗಲ್ಲ, ಎಂಟು ಸಾವಿರ ಎಂದಿಗೆ?’ ಎಂದು ಒಬ್ಬ ಪಾಲಕರು ಕೇಳಿದರು. ಸರಿಯಾದ ಪ್ರಶ್ನೆ. ಉಳಿದದ್ದು ಓದಿನಿಂದ ಬರಬೇಕು. ಒಂದು ಬೇರು ತಿಳಿದರೆ ಐದಾರು ಪದ ತಾವಾಗಿ ಬಾಯಿ ಬಿಡುತ್ತವೆ, ಬಾಯಿ ಬಿಟ್ಟ ಪದ ಪುಸ್ತಕದಲ್ಲಿ ಎಂಟು ಹತ್ತು ಸಲ ಎದುರಾದಾಗ ನಮ್ಮದಾಗುತ್ತದೆ. ಅದಕ್ಕೇ ತರಗತಿಯ ಕೊನೆಯ ಅರ್ಧ ಗಂಟೆ ಓದಿಗೆ ಮೀಸಲು. ಮೊದಲ ಪುಸ್ತಕ ಬಹುತೇಕ ಮೈಸೂರಿನಲ್ಲಿ ನೆಲೆಸಿದ್ದ ಆರ್.ಕೆ. ನಾರಾಯಣ್ ಅವರದ್ದೇ, 1935ರ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’. ಲೋಕವೇ ಮೆಚ್ಚಿದ ಇಂಗ್ಲಿಷ್ ಬರೆಯಲು ದೊಡ್ಡ ಪದಗಳ ಹಂಗಿಲ್ಲ ಎಂಬುದೂ ಮಕ್ಕಳಿಗೆ ಅಲ್ಲೇ ತಿಳಿಯುತ್ತದೆ. ಕಷ್ಟದ ಪದ ಕಲಿಯುವುದು ಮೆರೆಯಲಿಕ್ಕಲ್ಲ, ಬೇರೆಯವರು ಬರೆದದ್ದು ಅರ್ಥವಾಗಲಿಕ್ಕೆ.

ಬೆಂಗಳೂರಿಗೂ ಈ ವಿಷಯದಲ್ಲಿ ಹೆಮ್ಮೆಯ ಪಾಲಿದೆ. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ಭಾಷಾ ಬೋಧನೆಯ ಲೋಕದಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಮಕ್ಕಳಿಂದ ಲೆಕ್ಕ ಹಾಕಿಸುವುದು, ಮನಸ್ಸು ಅರ್ಥದಲ್ಲಿ ತೊಡಗಿದಾಗ ಭಾಷೆ ಹಿಂದಿನಿಂದ ಬರುತ್ತದೆ ಎಂಬುದು ಅದರ ನಂಬಿಕೆ. ನಾವೂ ಮಾತ್ರೆ ಪಟ್ಟಿಯ ಹಿಂಬದಿ, ಓಆರ್‌ಎಸ್ ಪೊಟ್ಟಣ, ಮೆಟ್ರೊ ನಿಯಮಗಳ ಫಲಕ ಓದಿಸುತ್ತೇವೆ. ‘ಡಿಸ್ಕಾರ್ಡ್’ ಎಂದರೆ ಎಸೆಯಿರಿ ಎಂದು ಗೊತ್ತಿದ್ದರೆ ಹಾಳಾದ ಔಷಧ ಯಾರ ಹೊಟ್ಟೆಗೂ ಹೋಗುವುದಿಲ್ಲ.

ಸೇಡಂ ಹುಡುಗ ಈ ವರ್ಷ ಹತ್ತನೇ ತರಗತಿ ಮುಗಿಸಿದ. ಮೊದಲ ಸ್ಥಾನವೇನೂ ಬರಲಿಲ್ಲ, ಎಲ್ಲ ವಿಷಯದಲ್ಲಿ ಪಾಸಾದ, ವಿಜ್ಞಾನದಲ್ಲಿ ಚೆನ್ನಾಗಿಯೇ ಅಂಕ ಪಡೆದ. ಈಗ ಪಶುವೈದ್ಯ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದಾನೆ. ತಾಯಿ ಹೇಳುವ ಪ್ರಕಾರ ಅವನ ಮಾತು ಈಗ ಅತಿಯಾಗಿದೆಯಂತೆ.

ಹೊರನಾಡಿನಲ್ಲಿರುವ, ಊರಿನಲ್ಲೂ ಇರುವ ಪಾಲಕರಲ್ಲಿ ನನ್ನ ಕೋರಿಕೆ ಇಷ್ಟೇ. ಮಕ್ಕಳ ಇಂಗ್ಲಿಷಿಗಾಗಿ ಮನೆಯ ಮಾತನ್ನು ಬಲಿ ಕೊಡಬೇಡಿ. ಈ ಪತ್ರಿಕೆಯ ಒಂದು ಸುದ್ದಿಯನ್ನು ಇಂದು ಮಕ್ಕಳಿಂದ ಜೋರಾಗಿ ಓದಿಸಿ. ಅದರಲ್ಲಿ ಸಿಗುವ ‘ಪಾರದರ್ಶಕ’, ‘ಒಮ್ಮತ’, ‘ಮೇಲ್ವಿಚಾರಣೆ’ಯಂಥ ಐದು ಪದಗಳನ್ನು ಆರಿಸಿ, ಇವುಗಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ, ಆ ಪದಗಳು ಹೇಗೆ ಕಟ್ಟಿವೆ ಎಂದು ಹುಡುಕಲು ಹೇಳಿ. ಉತ್ತರ ನಿಮಗೆ ಗೊತ್ತಿರಬೇಕೆಂದೇನಿಲ್ಲ, ಪಕ್ಕದಲ್ಲಿ ಕೂತು ಹುಡುಕಿದರೆ ಸಾಕು.